ಟೇಲರ್ ಅಕ್ಕನ ಸೋಡಾ ಬಾಟಲಿ: ಕಾರವಾರದ ಒಂದು ಹಲ್ಲಿನ ಪ್ರಕರಣ

ಮೇ ತಿಂಗಳ ಒಂದು ಮಧ್ಯಾಹ್ನ. ಕಾರವಾರದ ಸೆಕೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾನಿನ ಕೆಳಗೆ ಕೂತರೂ ಬೆನ್ನಿಗೆ ಅಂಟಿದ ಬಟ್ಟೆ ಬಿಡುವುದಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಒಬ್ಬ ಹೆಂಗಸು ಬಂದರು. ಬಿಸಿಲಲ್ಲಿ ನಡೆದು ಬಂದಿದ್ದಾರೆ ಅಂತ ನಮ್ಮ ಹುಡುಗಿ ಫ್ರಿಜ್ಜಿನ ನೀರು ಕೊಟ್ಟಳು. ಅವರು ಲೋಟ ಹಿಂದಕ್ಕೆ ಸರಿಸಿದರು.

"ತಣ್ಣೀರು ಕಂಡ್ರೆ ಹೆದರಿಕೆ ಡಾಕ್ಟ್ರೇ. ಹಲ್ಲು ಜುಮ್ ಅಂತದೆ. ಅದಕ್ಕೇ ಬಂದದ್ದು."

ವಯಸ್ಸು 41. ತವರು ಶಿರಸಿ ಕಡೆ, ಕೊಟ್ಟಿದ್ದು ಕಾರವಾರಕ್ಕೆ. ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮದುವೆ ಸೀಸನ್ ಬಂತೆಂದರೆ ದಿನಕ್ಕೆ ಎಂಟು ಹತ್ತು ತಾಸು ಮಷೀನಿನ ಮುಂದೆ. ಜೊತೆಗೆ ಅವರ ಅತ್ತೆಯೂ ಬಂದಿದ್ದರು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಕಾಯಿಲೆಯ ಹೆಸರು ಹೇಳಿಬಿಟ್ಟರು: "ಎಲ್ಲಾ ಆ ಸೋಡಾದಿಂದ. ದಿನಾ ಸೋಡಾ, ದಿನಾ ಸೋಡಾ. ಇವತ್ತು ಹಲ್ಲು ಕರಗ್ತು, ನಾಳೆ ಎಲುಬು ಕರಗ್ತದೆ."

ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಸೋಡಾ ಬಗ್ಗೆ ನಮ್ಮಲ್ಲಿ ಎರಡು ತರದ ಮಾತಿದೆ. ಹೊಟ್ಟೆಗೆ ಔಷಧಿ ಅನ್ನುವವರು ಒಂದು ಕಡೆ, ಹಲ್ಲಿಗೂ ಎಲುಬಿಗೂ ವಿಷ ಅನ್ನುವವರು ಇನ್ನೊಂದು ಕಡೆ. ಈ ಅಕ್ಕನ ಬಾಯಲ್ಲಿ ಕಂಡದ್ದನ್ನು ಸರಿಯಾಗಿ ಹೇಳಿದರೆ ಎರಡೂ ಕಡೆಯವರಿಗೆ ಉಪಯೋಗ ಆದೀತು ಅನ್ನುವುದು ನನ್ನ ಆಸೆ.

ಬಾಯಲ್ಲಿ ಕಂಡದ್ದು

ಹುಳುಕು ಇರಲಿಲ್ಲ. ಒಸಡು ಚೆನ್ನಾಗಿತ್ತು. ಬಾಯಿ ಸ್ವಚ್ಛ. ಇಷ್ಟು ಚೆನ್ನಾಗಿ ಹಲ್ಲುಜ್ಜುವವರು ದಿನಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಆದರೆ ಹಲ್ಲನ್ನು ಗಾಳಿಯಿಂದ ಒಣಗಿಸಿ, ಲೈಟು ಹತ್ತಿರ ತಂದು ನೋಡಿದಾಗ ಬೇರೆಯೇ ಕಂಡಿತು.

ಕೆಳಗಿನ ದವಡೆ ಹಲ್ಲುಗಳ ಮೇಲೆ, ಎತ್ತರದ ಮೊನೆ ಇರಬೇಕಾದ ಜಾಗದಲ್ಲಿ ಸಣ್ಣ ಸಣ್ಣ ಕುಳಿ. ಒಂದೊಂದರಲ್ಲೂ ಒಂದು ಸಾಸಿವೆ ಕಾಳು ಕೂರುವಷ್ಟು ಜಾಗ. ಕುಳಿಯ ಅಂಚು ಬಿಳಿ, ತಳ ಹಳದಿ. ಒಂದು ಹಲ್ಲಿಗೆ ಹತ್ತು ಹನ್ನೆರಡು ವರ್ಷದ ಹಿಂದೆ ಬೆಳ್ಳಿ ಸಿಮೆಂಟ್ ತುಂಬಿಸಿದ್ದರು. ಸುತ್ತಲಿನ ಹಲ್ಲು ತಗ್ಗಿ, ಸಿಮೆಂಟ್ ಮಾತ್ರ ಗದ್ದೆ ನಡುವಿನ ದಿಬ್ಬದ ಹಾಗೆ ಎದ್ದು ನಿಂತಿತ್ತು. ಸಿಮೆಂಟ್ ಬೆಳೆಯುವುದಿಲ್ಲ, ಅಲ್ವಾ? ಅಂದರೆ ಹಲ್ಲೇ ಇಳಿದಿದೆ. ಮುಂದಿನ ಹಲ್ಲುಗಳ ಹೊರಮೈಯಲ್ಲಿದ್ದ ಸಣ್ಣ ಗೆರೆಗಳೆಲ್ಲ ಹೋಗಿ, ಮೇಣ ಸವರಿದ ಹಾಗೆ ನುಣುಪಾಗಿತ್ತು.

ಇನ್ನೊಂದು ಗುರುತೂ ಇತ್ತು. ಮೇಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಕಿರಿದಾದ ಒಂದು ಕಚ್ಚು. ಇದನ್ನು ನೋಡಿದ ಕೂಡಲೇ "ನೂಲು ಹಲ್ಲಲ್ಲೇ ಕಡೀತೀರಾ?" ಅಂತ ಕೇಳಿದೆ. ನಕ್ಕರು. ಇಪ್ಪತ್ತು ವರ್ಷದ ಅಭ್ಯಾಸ ಅದು. ಟೇಲರುಗಳಲ್ಲಿ ಈ ಕಚ್ಚು ಎಷ್ಟೋ ಜನಕ್ಕೆ ಇರುತ್ತದೆ. ಆದರೆ ನೂಲಿನಿಂದ ದವಡೆ ಹಲ್ಲಿನಲ್ಲಿ ಕುಳಿ ಬೀಳುವುದಿಲ್ಲ. ಅದಕ್ಕೆ ಬೇರೆ ಕಾರಣ ಬೇಕು.

ಆ ಕಾರಣ ಆಮ್ಲ, ಅಂದರೆ ಹುಳಿ. ಹಲ್ಲಿನ ಹೊರಗಿನ ಎನಾಮೆಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು. ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಎಲುಬು ಮುರಿದರೆ ಕೂಡಿಕೊಳ್ಳುತ್ತದೆ. ಎನಾಮೆಲ್ ಸವೆದು ಹೋದರೆ ಮತ್ತೆ ಬೆಳೆಯುವುದಿಲ್ಲ, ಅದನ್ನು ಮಾಡುವ ಜೀವಕೋಶಗಳು ಹಲ್ಲು ಹುಟ್ಟುವಾಗಲೇ ಹೋಗಿಬಿಡುತ್ತವೆ. ಅದರ ಕೆಳಗಿನ ಡೆಂಟಿನ್ ಮೆದು, ಹಳದಿ. ಅದರಲ್ಲಿ ಒಳಗಿನ ನರದ ಕಡೆ ಹೋಗುವ ಸಾವಿರಾರು ಸೂಕ್ಷ್ಮ ಕೊಳವೆಗಳಿವೆ. ಅವು ತೆರೆದುಕೊಂಡರೆ ತಣ್ಣೀರು ಸೋಕಿದ ತಕ್ಷಣ ಜುಮ್.

ಇಂಥ ಸವೆತ ಅಳೆಯಲು ನಾವು ಬಾಯನ್ನು ಆರು ಭಾಗ ಮಾಡಿ ಒಂದೊಂದಕ್ಕೂ 0ರಿಂದ 3ರವರೆಗೆ ಅಂಕ ಕೊಡುತ್ತೇವೆ. ಒಟ್ಟು 18ರಲ್ಲಿ ಅವರಿಗೆ 10 ಬಂತು. ಮಧ್ಯಮ ಅಪಾಯ. ಮೇಲಿನ ಹಲ್ಲುಗಳ ಒಳಮೈ, ಅಂದರೆ ಅಂಗುಳಿನ ಕಡೆ, ನೋಡಿದೆ. ಅಲ್ಲಿ ಸವೆತ ಇಲ್ಲ. ಹೊಟ್ಟೆಯ ಆಮ್ಲ ಮೇಲೆ ಬಂದು ಹಲ್ಲು ತಿನ್ನುವುದಾದರೆ ಮೊದಲು ಆ ಜಾಗಕ್ಕೇ ಪೆಟ್ಟು. ಎದೆಯುರಿ, ಹುಳಿತೇಗು, ವಾಂತಿ ಕೇಳಿದೆ. ಏನೂ ಇಲ್ಲ. ಅಂದರೆ ಹುಳಿ ಹೊರಗಿನಿಂದ ಬರುತ್ತಿದೆ. ಎರಡೂ ದವಡೆಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ದಿನಾಂಕ ಬರೆದು ಇಟ್ಟೆ.

ಮೊದಲ ಸಲ ನಾನು ಮಾಡಿದ ತಪ್ಪು

ಸೋಡಾ ಮನೆಗೆ ಬಂದ ಕತೆ ಹೀಗೆ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಅಂಚಿನಲ್ಲಿದೆ ಅಂತ ಬಂತು. ಅಲ್ಲಿವರೆಗೆ ದಿನಕ್ಕೊಂದು ಕೋಲಾ ಕುಡಿಯುತ್ತಿದ್ದರು. ಅದನ್ನು ಅಂದೇ ಬಿಟ್ಟರು. ಸಣ್ಣ ಮಾತಲ್ಲ ಇದು. 300 ಮಿಲಿಲೀಟರ್ ಕೋಲಾದಲ್ಲಿ 30 ಗ್ರಾಂ ದಾಟಿ ಸಕ್ಕರೆ ಇರುತ್ತದೆ, ಆರೇಳು ಚಮಚ. ಆದರೆ ನಾಲಿಗೆಗೆ ಆ ಚುರುಚುರು ಬೇಕಲ್ಲ. ದುಬೈಯಲ್ಲಿರುವ ತಮ್ಮ ರಜಕ್ಕೆ ಬಂದಾಗ ಮನೆಯಲ್ಲೇ ಸೋಡಾ ಮಾಡುವ ಮಷೀನ್ ತಂದುಕೊಟ್ಟ. ಬಾಟಲಿಗೆ ನೀರು ತುಂಬಿ, ಗುಂಡಿ ಒತ್ತಿದರೆ ಗ್ಯಾಸ್ ಇಳಿಯುತ್ತದೆ. ಸೋಡಾ ತಯಾರು.

ಕೇಳಿದವಳೇ "ಹಾಗಾದ್ರೆ ಸೋಡಾ ಬಿಡಿ" ಅಂದುಬಿಟ್ಟೆ. ಕಾಯುವ ಜನ ಜಾಸ್ತಿ ಇದ್ದರು, ಅತ್ತೆಯ ಮಾತೂ ಕಿವಿಯಲ್ಲಿತ್ತು. ಜುಮ್ಮೆನ್ನುವ ಹಲ್ಲಿಗೆ ಪೇಸ್ಟ್ ಬರೆದುಕೊಟ್ಟು ಕಳಿಸಿದೆ. ಸೋಡಾ ಹೇಗೆ ಕುಡಿಯುತ್ತೀರಿ, ಅದರಲ್ಲಿ ಏನು ಹಾಕುತ್ತೀರಿ ಅಂತ ಕೇಳಲೇ ಇಲ್ಲ. ಆ ಎರಡು ಪ್ರಶ್ನೆ ಕೇಳಿದ್ದರೆ ಅವರ ಮೂರು ವಾರದ ನೋವು ತಪ್ಪುತ್ತಿತ್ತು. ಇದು ನನಗೆ ಈಗಲೂ ಬೇಸರದ ವಿಷಯ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಬಂದರು. ಹಲ್ಲು ಹಾಗೇ ಇದೆ. ಒಂದು ಕೈ ಜಾಸ್ತಿಯೇ ಅನ್ನಬೇಕು.

"ಸೋಡಾ ಮುಟ್ಟಲಿಲ್ಲ ಡಾಕ್ಟ್ರೇ, ದೇವರಾಣೆ. ಮಷೀನು ಅಟ್ಟಕ್ಕೆ ಹಾಕಿದ್ದೆ."

"ಮತ್ತೆ ಆಸರಿಗೆ ಎಂತ ಕುಡೀತಿದ್ರಿ?"

"ಅದೇ ಮುರುಗಲು. ಮೊದಲು ಸೋಡಾಕ್ಕೆ ಹಾಕ್ತಿದ್ದೆ, ಈಗ ನೀರಿಗೆ ಹಾಕ್ತೆ."

ಮುರುಗಲು ಅಂದರೆ ಕೋಕಂ, ಹುಳಿ ಹಣ್ಣು. ಗಂಟು ಬಿಚ್ಚಿಕೊಂಡದ್ದು ಅಲ್ಲಿ. ಈ ಮೂರು ವಾರದಲ್ಲಿ ಗ್ಯಾಸ್ ಹೋಗಿತ್ತು, ಹುಳಿ ಉಳಿದಿತ್ತು. ನೋವೂ ಉಳಿದಿತ್ತು. ಬೇಕೆಂದು ಯಾರೂ ಮಾಡದ ಒಂದು ಪರೀಕ್ಷೆ ತಾನಾಗಿಯೇ ನಡೆದುಹೋಗಿತ್ತು.

ಘಟ್ಟದ ಮೇಲಿನವರಿಗೆ ಆಸರಿ ಅಂದರೆ ಸುಮ್ನೆ ನೀರಲ್ಲ. ಮನೆಗೆ ಬಂದವರನ್ನು ಮೊದಲು ಕೇಳುವುದೇ ಆಸರಿಗೆ ಎಂತ ಬೇಕು ಅಂತ. ಬೇಸಿಗೆಯಲ್ಲಿ ಮುರುಗಲು ಪಾನಕ, ನಿಂಬೆ ಶರಬತ್ತು, ಊಟಕ್ಕೆ ಅಪ್ಪೆಹುಳಿ. ಕಾರವಾರಕ್ಕೆ ಬಂದರೆ ಮೀನೂಟದ ಜೊತೆ ಸೋಲಕಡಿ. ನಮ್ಮ ಜಿಲ್ಲೆಯ ನಾಲಿಗೆ ಹುಳಿಯಲ್ಲೇ ಬೆಳೆದದ್ದು, ಅದನ್ನು ಬಿಡಿ ಅನ್ನಲು ನನಗೂ ಮನಸ್ಸಿಲ್ಲ. ಆದರೆ ಪಾನಕ ಒಂದು ಲೋಟ ಕುಡಿದು ಲೋಟ ಕೆಳಗಿಡುವುದು ಬೇರೆ. ಈ ಅಕ್ಕ ಕುಡಿಯುತ್ತಿದ್ದ ರೀತಿಯೇ ಬೇರೆ.

ಒಂದು ವಾರದ ಪಟ್ಟಿ

ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಹೊತ್ತು ಹಾಕಿ ಬರೆಯಿರಿ ಅಂದೆ. ಬಟ್ಟೆ ಅಳತೆ ಬರೆಯುವ ನೋಟುಬುಕ್ಕಿನಲ್ಲೇ, ಬ್ಲೌಸಿನ ಅಳತೆಗಳ ನಡುವೆ ಅಚ್ಚುಕಟ್ಟಾಗಿ ಬರೆದು ತಂದರು. ಒಂದು ದಿನದ್ದು ಹೇಳುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಗೆ ಒಂದು ಲೀಟರ್ ಬಾಟಲಿಯಲ್ಲಿ ಮುರುಗಲು ಸಿಪ್ಪೆ ನೆನೆಸಿದ ನೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ. ಸಕ್ಕರೆ ಇಲ್ಲ. ಬಾಟಲಿ ಮಷೀನಿನ ಪಕ್ಕ. ಒಂದು ಹೊಲಿಗೆ ಮುಗಿದಾಗ ಒಂದು ಗುಟುಕು. ಗುಟುಕನ್ನು ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡು ಆಮೇಲೆ ನುಂಗುವುದು, ಹಾಗೆ ಮಾಡಿದರೆ ತಂಪು ಅಂತ. ಮಧ್ಯಾಹ್ನ ಒಂದೂವರೆಗೆ ಬಾಟಲಿ ಖಾಲಿ. ಊಟ. ಮೂರರಿಂದ ಎರಡನೇ ಬಾಟಲಿ, ಇದಕ್ಕೆ ಅರ್ಧ ನಿಂಬೆಹಣ್ಣು. ಏಳಕ್ಕೆ ಅದೂ ಖಾಲಿ. ನಡುವೆ ಯಾರೋ ತಂದುಕೊಟ್ಟ ಮಾವಿನಕಾಯಿ, ಉಪ್ಪು ಖಾರ ಹಚ್ಚಿ. ಬಾಯೆಲ್ಲ ಹುಳಿ ಹುಳಿ ಅನ್ನಿಸಿದ್ದಕ್ಕೆ ಊಟದ ಮೊದಲೊಮ್ಮೆ, ಸಂಜೆಯೊಮ್ಮೆ, ರಾತ್ರಿಯೊಮ್ಮೆ ಹಲ್ಲುಜ್ಜಿದ್ದು. ಬ್ರಷ್ ಗಟ್ಟಿಯದು.

ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ, ಎಲ್ಲ ಇಲ್ಲೇ ಇದೆ. ಹುಳಿ ತಗುಲಿದಾಗ ಎನಾಮೆಲ್ ಮೇಲ್ಪದರ ಮೆದುವಾಗುತ್ತದೆ. ಅದನ್ನು ಸರಿಮಾಡುವುದು ಜೊಲ್ಲು. ಜೊಲ್ಲು ಹುಳಿಯನ್ನು ತೊಳೆಯುತ್ತದೆ, ಅದರ ಕಸುವು ಇಳಿಸುತ್ತದೆ, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿಗೆ ವಾಪಸ್ ಕೊಡುತ್ತದೆ. ಇದಕ್ಕೆ ಹೊತ್ತು ಬೇಕು. ಹತ್ತು ನಿಮಿಷಕ್ಕೊಂದು ಗುಟುಕು ಹುಳಿ ಹೋಗುತ್ತಿದ್ದರೆ ಜೊಲ್ಲಿಗೆ ಪುರುಸೊತ್ತೆಲ್ಲಿ? ಮೇಲಿಂದ ಸೆಕೆಗೆ ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದರೆ ಜೊಲ್ಲೂ ಕಡಿಮೆ. ಆ ಮೆದು ಪದರದ ಮೇಲೆ ಗಟ್ಟಿ ಬ್ರಷ್ ತಿಕ್ಕಿದರೆ, ಸ್ವಲ್ಪ ಹೊತ್ತು ಬಿಟ್ಟಿದ್ದರೆ ಗಟ್ಟಿಯಾಗುತ್ತಿದ್ದ ಪದರವೇ ಉಜ್ಜಿಹೋಗುತ್ತದೆ. ಅವರ ಶುಚಿತನವೇ ಅವರಿಗೆ ಮುಳುವಾಗಿತ್ತು. ಇದನ್ನು ಹೇಳುವಾಗ ಅವರ ಮುಖ ಸಣ್ಣಗಾಯಿತು. ನನಗೂ ಕಷ್ಟವೇ ಆಯಿತು.

ನಾಲ್ಕು ಲೋಟ

ಅತ್ತೆ ಒಪ್ಪಲಿಲ್ಲ. "ಹುಳಿ ನಾವೆಲ್ಲ ತಿಂದೇ ಬೆಳೆದದ್ದಲ್ದಾ? ನಮ್ಮ ಕಾಲದಲ್ಲಿ ಈ ಗ್ಯಾಸಿನ ನೀರು ಇರಲಿಲ್ಲ." ಮಾತಿನಲ್ಲಿ ಹೇಳಿದರೆ ಆಗದು ಅಂತ ಮುಂದಿನ ವಾರ ಇಬ್ಬರನ್ನೂ ಕರೆದೆ. ಅಟ್ಟದಿಂದ ಮಷೀನು ಇಳಿಸಿ ಸೋಡಾ ಮಾಡಿ ತರಲು ಹೇಳಿದೆ. ಟೇಬಲ್ ಮೇಲೆ ನಾಲ್ಕು ಲೋಟ ಇಟ್ಟೆ: ಕುಡಿಯುವ ನೀರು, ಆಗಷ್ಟೇ ಬಾಟಲಿ ತೆರೆದ ಬರೀ ಸೋಡಾ, ಮುರುಗಲು ಹಾಕಿದ ಸೋಡಾ, ಮುರುಗಲು ಹಾಕಿದ ಬರೀ ನೀರು.

ಪಿಎಚ್, ಅಂದರೆ ಹುಳಿಯ ಮಟ್ಟ, ನೋಡುವ ಕಾಗದದ ಪಟ್ಟಿ ಸಿಗುತ್ತದಲ್ಲ, ಅದನ್ನು ಒಂದೊಂದರಲ್ಲಿ ಅದ್ದಿದೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರಿದ ಹಾಗೆ. ಎರಡು ಇಳಿದರೆ ನೂರು ಪಟ್ಟು. 5.5ಕ್ಕಿಂತ ಕೆಳಗೆ ಹೋದರೆ ಎನಾಮೆಲ್ ಕರಗಲು ಶುರುವಾಗುತ್ತದೆ ಅನ್ನುವುದು ನಮ್ಮ ಸಾಮಾನ್ಯ ಲೆಕ್ಕ.

ನೀರು 7ರ ಹತ್ತಿರ. ಬರೀ ಸೋಡಾ 4 ಮತ್ತು 5ರ ನಡುವೆ. ಮುರುಗಲಿನ ಎರಡೂ ಲೋಟ 3ಕ್ಕಿಂತ ಕೆಳಗೆ, ಸೋಡಾದಲ್ಲಿ ಇದ್ದದ್ದೂ ಅಷ್ಟೇ, ನೀರಿನಲ್ಲಿ ಇದ್ದದ್ದೂ ಅಷ್ಟೇ. ಎರಡು ಪಟ್ಟಿಯನ್ನು ಪಕ್ಕಪಕ್ಕ ಹಿಡಿದು ತೋರಿಸಿದೆ. ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

"ಸೋಡಾನೂ ಐದಕ್ಕಿಂತ ಕೆಳಗೇ ಬಂತಲ್ಲ ಡಾಕ್ಟ್ರೇ?" ಅಂತ ಸೊಸೆ ಕೇಳಿದರು. ಒಳ್ಳೆಯ ಪ್ರಶ್ನೆ. ಬರೀ ಸೋಡಾ ಲೋಟವನ್ನು ಚಮಚದಿಂದ ಜೋರಾಗಿ ಕದಡಿದೆ. ಗುಳ್ಳೆ ಹೋಗುವವರೆಗೆ, ಹತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಮತ್ತೆ ಪಟ್ಟಿ ಅದ್ದಿದರೆ ಬಣ್ಣ ನೀರಿನ ಕಡೆಗೆ ಸರಿದಿತ್ತು. ಮುರುಗಲು ಸೋಡಾವನ್ನೂ ಹಾಗೇ ಕದಡಿದೆ. ಗುಳ್ಳೆಯೆಲ್ಲ ಹೋಯಿತು. ಬಣ್ಣ ಇದ್ದಲ್ಲೇ ಇತ್ತು.

ಸೋಡಾ ಅಂದರೆ ನೀರಿಗೆ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ್ದು. ಅದರಲ್ಲಿ ಸ್ವಲ್ಪ ಭಾಗ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ನಾಲಿಗೆಗೆ ಚುರುಕು ಅನ್ನಿಸುವುದು ಮುಖ್ಯವಾಗಿ ಇದರಿಂದ. ಆದರೆ ಇದು ನಿಲ್ಲುವ ಆಮ್ಲವಲ್ಲ. ಬಾಯಿಯ ಬಿಸಿಗೆ ಗ್ಯಾಸ್ ಹಾರಿಹೋಗುತ್ತದೆ. ಉಳಿದದ್ದನ್ನು ಜೊಲ್ಲು ಬೇಗ ಅಡಗಿಸುತ್ತದೆ. ಒಣಗಿದ ತೆಂಗಿನ ಗರಿಗೆ ಬೆಂಕಿ ಕೊಟ್ಟರೆ ಭಗ್ ಅಂತ ಉರಿದು ಅಷ್ಟೇ ಬೇಗ ಆರುತ್ತದೆ, ಅದರ ಮೇಲೆ ಅನ್ನ ಬೇಯುವುದಿಲ್ಲ. ಸೋಡಾದ ಹುಳಿ ಆ ತರದ್ದು. ನಿಂಬೆ, ಮುರುಗಲಿನ ಹುಳಿ ಗೇರು ಮರದ ಕೊರಡು. ಒಲೆಯಲ್ಲಿ ಗಂಟೆಗಟ್ಟಲೆ ಕೆಂಡ ಉಳಿಯುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲಕ್ಕೆ ಇನ್ನೊಂದು ಕೆಟ್ಟ ಗುಣ ಇದೆ. ಹಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದು ಎಳೆದುಕೊಳ್ಳುತ್ತದೆ. ಮುರುಗಲಿನಲ್ಲಿರುವ ಮುಖ್ಯ ಆಮ್ಲವೂ ಅದೇ ಬಳಗದ್ದು, ಹೈಡ್ರಾಕ್ಸಿಸಿಟ್ರಿಕ್ ಆಮ್ಲ.

ಇದು ನನ್ನ ಟೇಬಲ್ಲಿನ ಮಾತು ಮಾತ್ರವಲ್ಲ. 2001ರಲ್ಲಿ ಬ್ರಿಟನ್ನಿನಲ್ಲಿ ಖನಿಜ ನೀರು ಮತ್ತು ತಂಪು ಪಾನೀಯಗಳಲ್ಲಿ ಎನಾಮೆಲ್ ಎಷ್ಟು ಕರಗುತ್ತದೆ ಅಂತ ಅಳೆದು ನೋಡಿದ್ದಾರೆ. ಗ್ಯಾಸ್ ಇರುವ ನೀರಿನಲ್ಲಿ ಬರೀ ನೀರಿಗಿಂತ ಒಂಚೂರು ಜಾಸ್ತಿ ಕರಗಿತು, ನಿಜ. ಆದರೆ ತಂಪು ಪಾನೀಯಕ್ಕೆ ಹೋಲಿಸಿದರೆ ಅದು ಸುಮಾರು ನೂರು ಪಟ್ಟು ಕಡಿಮೆ. 2007ರಲ್ಲಿ ಅಲ್ಲಿಯವರೇ ಹಣ್ಣಿನ ಫ್ಲೇವರ್ ಹಾಕಿದ ಸೋಡಾ ನೀರು ಪರೀಕ್ಷಿಸಿದರು. ಅವುಗಳ ಪಿಎಚ್ 2.7ರಿಂದ 3.4ರ ಒಳಗೆ ಬಂತು. ಕಿತ್ತಳೆ ರಸದಷ್ಟೇ, ಕೆಲವು ಅದಕ್ಕಿಂತ ಹೆಚ್ಚೇ, ಹಲ್ಲು ಸವೆಸುವಂಥವು. ಸಕ್ಕರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇವನ್ನು ನೀರಿನ ಲೆಕ್ಕಕ್ಕೆ ಸೇರಿಸಬಾರದು. ಅಂಗಡಿಯ ಬಾಟಲಿ ಕೈಗೆತ್ತಿಕೊಂಡರೆ ಹಿಂದಿನ ಸಣ್ಣಕ್ಷರ ಓದಿ. 330 ಅಂತಿದ್ದರೆ ಸಿಟ್ರಿಕ್ ಆಮ್ಲ. 338 ಅಂತಿದ್ದರೆ ಫಾಸ್ಫಾರಿಕ್ ಆಮ್ಲ, ಕೋಲಾಗಳಲ್ಲಿ ಇರುವುದು ಅದು.

ಅಕ್ಕನಿಗೆ ಒಂಬತ್ತು ವರ್ಷದ ಮಗಳಿದ್ದಾಳೆ. ಆ ವಯಸ್ಸಿನಲ್ಲಿ ಹೊಸದಾಗಿ ಹುಟ್ಟಿದ ಶಾಶ್ವತ ಹಲ್ಲಿನ ಎನಾಮೆಲ್ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಹುಳಿಗೆ ಬೇಗ ಬಗ್ಗುತ್ತದೆ. ಶಾಲೆಯಿಂದ ಬಂದವಳು ಅಮ್ಮನ ಬಾಟಲಿಯಿಂದಲೇ ಕುಡಿಯುತ್ತಿದ್ದಳು. ಅಮ್ಮನಿಗಿಂತ ಮೊದಲು ಅವಳದ್ದನ್ನು ನಿಲ್ಲಿಸಿದೆವು.

ಅತ್ತೆಯ ಪ್ರಶ್ನೆಗಳು

ಅತ್ತೆ ಪಟ್ಟಿಯ ಬಣ್ಣ ನೋಡಿ ಸುಮ್ಮನಾದರು. ಆದರೆ ಎಲುಬಿನ ಮಾತು ಬಿಡಲಿಲ್ಲ. ಈ ಮಾತು ಹುಟ್ಟಿದ್ದಕ್ಕೂ ಕಾರಣವಿದೆ. ಅಮೆರಿಕದಲ್ಲಿ 2006ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ದಿನವೂ ಕೋಲಾ ಕುಡಿಯುವ ಹೆಂಗಸರ ಸೊಂಟದ ಎಲುಬಿನ ಸಾಂದ್ರತೆ ಕಡಿಮೆ ಇತ್ತು. ಅದೇ ಅಧ್ಯಯನದಲ್ಲಿ ಗ್ಯಾಸ್ ಇರುವ ಬೇರೆ ಪಾನೀಯಗಳಿಗೆ ಆ ನಂಟು ಕಾಣಲಿಲ್ಲ. ಅಂದರೆ ದೂರು ಕೋಲಾದ ಮೇಲೆ, ಗುಳ್ಳೆಯ ಮೇಲಲ್ಲ. ಬಾಯಾರಿಕೆಗೂ ಅಷ್ಟೇ. 2016ರಲ್ಲಿ ಹದಿಮೂರು ತರದ ಪಾನೀಯ ಕುಡಿಸಿ ಮೈಯಲ್ಲಿ ಎಷ್ಟು ನೀರು ಉಳಿಯುತ್ತದೆ ಅಂತ ನೋಡಿದಾಗ ಸೋಡಾ ನೀರೂ ಬರೀ ನೀರೂ ಒಂದೇ ಆಗಿ ಕಂಡವು. ಸೆಕೆಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಸಮಾಧಾನದ ಮಾತು.

ಹೊಟ್ಟೆಯ ವಿಷಯ ಜನಕ್ಕೆ ತಕ್ಕ ಹಾಗೆ. ಗ್ಯಾಸ್ ಕುಡಿದರೆ ತೇಗು ಬರಲೇಬೇಕು. ಹೊಟ್ಟೆ ಉಬ್ಬರ ಇರುವವರಿಗೆ, ಎದೆಯುರಿ ಕಾಡುವವರಿಗೆ ಕಿರಿಕಿರಿ ಜಾಸ್ತಿಯಾಗಬಹುದು. ಅವರು ಕಡಿಮೆ ಮಾಡುವುದು ಒಳ್ಳೆಯದು. ಇನ್ನು ಕೆಲವರಿಗೆ ಉಪಕಾರವೂ ಇದೆ. ಇಟಲಿಯಲ್ಲಿ 2002ರಲ್ಲಿ ಅಜೀರ್ಣ, ಮಲಬದ್ಧತೆ ಇದ್ದ 21 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೋಡಾ ನೀರು, ಒಂದಕ್ಕೆ ನಲ್ಲಿ ನೀರು ಎರಡು ವಾರಕ್ಕೂ ಮಿಕ್ಕಿ ಕುಡಿಸಿದರು. ಸೋಡಾ ಕುಡಿದವರಿಗೆ ಎರಡೂ ತೊಂದರೆ ಇಳಿಯಿತು. ಜನ ಕಡಿಮೆ, ಆದ್ದರಿಂದ ಇದನ್ನೇ ಔಷಧಿ ಅಂತ ಸಾರುವುದು ಬೇಡ. ಊಟವಾದ ಮೇಲೆ ಸೋಡಾ ಕುಡಿದು ಹಗುರಾಯ್ತು ಅನ್ನುವ ನಮ್ಮ ಹಿರಿಯರ ಮಾತು ಸುಳ್ಳಲ್ಲ ಅನ್ನಲು ಮಾತ್ರ ಸಾಕು.

ಮಾತಿನ ನಡುವೆ ಅತ್ತೆಯದ್ದೇ ಒಂದು ಗುಟ್ಟು ಹೊರಬಂತು. ಅವರಿಗೆ ಬಿಪಿ ಮಾತ್ರೆ ನಡೆಯುತ್ತಿದೆ. ಗ್ಯಾಸ್ಟ್ರಿಕ್ ಅನ್ನಿಸಿದಾಗಲೆಲ್ಲ ಒಂದು ಚಮಚ ಸೋಡಾ ನೀರಿಗೆ ಹಾಕಿ ಕುಡಿಯುತ್ತಾರಂತೆ. ಯಾವ ಸೋಡಾ ಅಂತ ಕೇಳಿದರೆ ಅಡುಗೆ ಸೋಡಾ! ನಮ್ಮ ಭಾಷೆಯಲ್ಲಿ ಬಾಟಲಿಯದ್ದೂ ಸೋಡಾ, ಇಡ್ಲಿ ಹಿಟ್ಟಿಗೆ ಹಾಕುವುದೂ ಸೋಡಾ, ಬಟ್ಟೆ ಒಗೆಯುವುದೂ ಸೋಡಾ. ಅಡುಗೆ ಸೋಡಾದ ಒಂದು ಚಮಚದಲ್ಲಿ ಸಾವಿರ ಮಿಲಿಗ್ರಾಂಗಿಂತ ಜಾಸ್ತಿ ಸೋಡಿಯಂ ಇದೆ. ಇಡೀ ದಿನಕ್ಕೆ 2000 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಇರುವವರಿಗೆ ಇದು ತಮಾಷೆಯಲ್ಲ. ಅಂಗಡಿಯ ಉಪ್ಪು ಸೋಡಾದ್ದೂ ಇದೇ ಕತೆ, ಧಾರಾಳವಾಗಿ ಬೀಳುವ ಉಪ್ಪಿಗೆ ಲೆಕ್ಕವಿಲ್ಲ. ಮನೆಯ ಮಷೀನಿನ ಸೋಡಾದಲ್ಲಿ ನೀರು ಮತ್ತು ಗ್ಯಾಸ್ ಮಾತ್ರ. ಹಾಗಾಗಿ ಸೊಸೆಯ ಸೋಡಾಕ್ಕಿಂತ ಅತ್ತೆಯ ಸೋಡಾ ನನಗೆ ಜಾಸ್ತಿ ಚಿಂತೆ ಹುಟ್ಟಿಸಿತು. ಅವರ ಬಿಪಿ ಡಾಕ್ಟರಿಗೆ ಒಂದು ಚೀಟಿ ಬರೆದು ಕೊಟ್ಟೆ.

ಅತ್ತೆ ಹೊರಡುವಾಗ ಶಿರಸಿ ಮಾರಿಕಾಂಬಾ ಜಾತ್ರೆಯ ಗೋಲಿ ಸೋಡಾ ನೆನೆಸಿಕೊಂಡರು. ಮೊದಲ ಸಲ ಕುಡಿದಾಗ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂದಿತ್ತಂತೆ. ಅವರ ಕಾಲದಲ್ಲೂ ಗ್ಯಾಸಿನ ನೀರು ಇತ್ತು, ಮರೆತಿದ್ದರು ಅಷ್ಟೇ. ನೀರಿಗೆ ಈ ಗ್ಯಾಸ್ ಸೇರಿಸಬಹುದು ಅಂತ ಜೋಸೆಫ್ ಪ್ರೀಸ್ಟ್ಲಿ ತೋರಿಸಿದ್ದು 1767ರಲ್ಲಿ. ಗೋಲಿ ಇಟ್ಟು ಬಾಯಿ ಮುಚ್ಚುವ ಬಾಟಲಿಗೆ ಹೈರಮ್ ಕಾಡ್ ಪೇಟೆಂಟ್ ಪಡೆದದ್ದು 1872ರಲ್ಲಿ.

ಮಾಡಿದ ಚಿಕಿತ್ಸೆ, ಆದ ಫಲ

ಮೊದಲ ಕೆಲಸ, ಬರೀ ಸೋಡಾ ವಾಪಸ್ ಕೊಟ್ಟದ್ದು. ಬೇಕಾದಷ್ಟು ಕುಡಿಯಿರಿ, ಏನೂ ಹಾಕದೆ ಕುಡಿಯಿರಿ ಅಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ. ಕೋಲಾಕ್ಕೆ ಮರಳದೆ ಇರಲು ಆ ಗುಳ್ಳೆ ಅವರಿಗೆ ಆಸರೆ. ಅದನ್ನು ಕಿತ್ತುಕೊಂಡರೆ ಸಕ್ಕರೆ ಮತ್ತೆ ಬಾಗಿಲು ತಟ್ಟುತ್ತದೆ. ಹಲ್ಲಿನ ಡಾಕ್ಟರು ಹಲ್ಲನ್ನು ಮಾತ್ರ ನೋಡಿದರೆ ಆಗುವುದಿಲ್ಲ.

ಮುರುಗಲು, ನಿಂಬೆ ಊಟದ ಜೊತೆ ಒಂದು ಲೋಟ. ಗುಟುಕು ಗುಟುಕಾಗಿ ಎಳೆಯುವುದು, ಬಾಯಲ್ಲಿ ಇಟ್ಟುಕೊಳ್ಳುವುದು ಬೇಡ. ಕುಡಿದ ಮೇಲೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ತಾಸು ಬಿಟ್ಟು ಹಲ್ಲುಜ್ಜುವುದು. ಬ್ರಷ್ ಮೆತ್ತಗಿನದು, ಪೇಸ್ಟ್ ಫ್ಲೋರೈಡ್ ಇರುವುದು. ದಿನಕ್ಕೆ ಎರಡೇ ಸಲ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ಬಕೆಟ್ ನೀರಲ್ಲಿ ತೊಳೆಯುವ ಹಾಗೆ ಮುಕ್ಕಳಿಸುವುದು ಬೇಡ. ಕ್ಲಿನಿಕ್ಕಿನಲ್ಲಿ ಹಲ್ಲುಗಳಿಗೆ ಫ್ಲೋರೈಡ್ ವಾರ್ನಿಷ್ ಬಳಿದೆ. ಕುಳಿ ಆಳವಾಗಿದ್ದ ಎರಡು ಹಲ್ಲಿಗೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿದೆ. ನೂಲಿಗೆ ಕತ್ತರಿ.

ಇಷ್ಟೆಲ್ಲ ಒಟ್ಟಿಗೆ ಬದಲಿಸಿದ್ದರಿಂದ ಯಾವುದರಿಂದ ಎಷ್ಟು ಗುಣ ಅಂತ ಪಾಲು ಹಾಕಲು ಬರುವುದಿಲ್ಲ. ಒಂದು ಮಾತು ಗಟ್ಟಿ: ಸೋಡಾ ಬಿಟ್ಟ ಮೂರು ವಾರ ಹಲ್ಲು ಸುಧಾರಿಸಲಿಲ್ಲ, ಸೋಡಾ ವಾಪಸ್ ಬಂದ ಮೇಲೆ ಸುಧಾರಿಸಿತು.

ಆಗಸ್ಟ್‌ನಲ್ಲಿ ಬಂದಾಗ ಜುಮ್ಮು ಅರ್ಧಕ್ಕರ್ಧ ಇಳಿದಿತ್ತು. ನವೆಂಬರ್‌ಗೆ ಫ್ರಿಜ್ಜಿನ ನೀರು ಕುಡಿಯುವಷ್ಟಾಯಿತು. ನಡುವೆ ಒಂದು ತಿಂಗಳು ಹಳೇ ಅಭ್ಯಾಸಕ್ಕೆ ಜಾರಿದ್ದೂ ಉಂಟು. ದೀಪಾವಳಿಯ ಹೊಲಿಗೆ ರಾಶಿ ಬಿದ್ದಾಗ ಬಾಟಲಿಗೆ ನಿಂಬೆ ಸೇರಿತ್ತು. ಹಲ್ಲು ಮತ್ತೆ ಜುಮ್ ಅಂದ ಮೇಲೆ ತಾವೇ ನಿಲ್ಲಿಸಿದರು. ಫೋನ್ ಮಾಡಿ ಹೇಳಿದಾಗ ದನಿಯಲ್ಲಿ ಅಳುಕಿತ್ತು. ಅಡ್ಡಿಲ್ಲ ಅಕ್ಕಾ, ಗೊತ್ತಾಯ್ತಲ್ಲ, ಅಷ್ಟು ಸಾಕು ಅಂದೆ.

ಒಂದು ವರ್ಷ ಕಳೆದು ಮತ್ತೆ ಮೇ ತಿಂಗಳಲ್ಲಿ ಹೊಸ ಅಚ್ಚು ತೆಗೆದೆ. ಹಳೆಯ ಪ್ಲಾಸ್ಟರನ್ನೂ ಹೊಸದನ್ನೂ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆವು. ಸಿಮೆಂಟ್ ತುಂಬದೆ ಬಿಟ್ಟಿದ್ದ ಕುಳಿಗಳು ಇದ್ದಷ್ಟೇ ಇವೆ, ಆಳ ಹೆಚ್ಚಿಲ್ಲ. ಮುಂದಿನ ಹಲ್ಲಿನ ನೂಲಿನ ಕಚ್ಚು ಹಾಗೇ ಇದೆ, ಅದು ಇನ್ನು ಹೋಗುವಂಥದ್ದಲ್ಲ. ಅವರು ಎರಡು ಎರಕವನ್ನೂ ಕೈಯಲ್ಲಿ ತೂಗಿ, ಬಟ್ಟೆಯ ಹೊಲಿಗೆ ನೋಡುವ ಹಾಗೆ ಕಣ್ಣಿನ ಹತ್ತಿರ ಹಿಡಿದು, ಉಗುರಿನಿಂದ ಒಂದೊಂದೇ ಕುಳಿ ಮುಟ್ಟಿ ನೋಡಿದರು.

ಎಡಗಡೆ ಕೆಳಗಿನ ಒಂದು ಹಲ್ಲು ಈಗಲೂ ಐಸ್‌ಕ್ರೀಮಿಗೆ ಜುಮ್ ಅನ್ನುತ್ತದೆ. ಅದಕ್ಕೆ ಇನ್ನೊಮ್ಮೆ ವಾರ್ನಿಷ್ ಬಳಿದು, ಮಳೆಗಾಲ ಮುಗಿದ ಮೇಲೆ ಬರಲು ಹೇಳಿದ್ದೇನೆ. ಮಗಳನ್ನೂ ಕರೆದುಕೊಂಡು.